ಪಹಣಿಯಲ್ಲಿ ಕಾಣದ ಹೆಸರು



ಮಾಘಮಾಸದ ಬೆಳಗಿನ ಹೊತ್ತು ಗುಂಡ್ಲುಪೇಟೆ ಸೀಮೆಯ ಊರುಗಳನ್ನು ಹಾದುಹೋಗುವವರಿಗೆ ಅರಿಶಿನ ಬೇಯುವ ವಾಸನೆ ಅಪರಿಚಿತವಲ್ಲ. ಕಣದಲ್ಲಿ ಕುಳಿತು ತಾಯಿಗೆಡ್ಡೆಯನ್ನೂ ಮರಿಗೆಡ್ಡೆಯನ್ನೂ ಬೇರ್ಪಡಿಸುತ್ತಿರುವವರು ಹೆಂಗಸರು. ಎಂಟೊಂಬತ್ತು ತಿಂಗಳ ಹಿಂದೆ, ಮುಂಗಾರಿಗೆ ಮೊದಲು, ಕೊಳೆಯಿಲ್ಲದ ಗೆಡ್ಡೆಯನ್ನು ಬಿತ್ತನೆಗೆಂದು ಆಯ್ದಿಟ್ಟವರೂ ಅವರೇ. ನಡುವೆ ಮೂರು ನಾಲ್ಕು ಬಾರಿ ಕಳೆ ತೆಗೆದವರೂ ಅವರೇ. ಆದರೆ ಮೂಟೆಗಳು ಈರೋಡಿನ ಮಾರುಕಟ್ಟೆಗೆ ಹೊರಟಾಗ ಲಾರಿಯಲ್ಲಿ ಕೂರುವವನು ಗಂಡಸು. ಮಂಡಿಯ ಚೀಟಿ ಅವನ ಹೆಸರಿಗೆ, ಪಹಣಿ ಅವನ ಹೆಸರಿಗೆ. ಅವನದಲ್ಲದಿದ್ದರೆ, ಕಾಲವಾಗಿ ಇಪ್ಪತ್ತು ವರ್ಷವಾದ ಅವನ ತಂದೆಯ ಹೆಸರಿಗೆ.

ಮಹಿಳಾ ಸಾಧನೆಯ ಕುರಿತು ಮಾತನಾಡುವ ಸಭೆಗಳಲ್ಲಿ ಸಾಮಾನ್ಯವಾಗಿ ನಾಲ್ಕಾರು ದೊಡ್ಡ ಹೆಸರುಗಳನ್ನು ಹೇಳಿ, ಚಪ್ಪಾಳೆ ತಟ್ಟಿಸಿ, ಹಾರ ಹಾಕಿ ಮುಗಿಸುವುದು ವಾಡಿಕೆ. ದೊಡ್ಡ ಹೆಸರು ಹೇಳಬಾರದೆಂದಲ್ಲ. ಈ ಸೀಮೆಗೆ ಅಂತಹ ಹೆಸರಿನ ಬಡತನವೇನೂ ಇಲ್ಲ. ಆ ಹೆಸರಿನಿಂದಲೇ ಆರಂಭಿಸೋಣ.

ಕೆ. ಎಸ್. ನಾಗರತ್ನಮ್ಮನವರು ಗುಂಡ್ಲುಪೇಟೆ ಕ್ಷೇತ್ರದಿಂದ ಮೊದಲು ಆಯ್ಕೆಯಾದದ್ದು 1957ರಲ್ಲಿ. ಅನಂತರ 1962, 1967, 1972. ನಡುವೆ ಒಂದು ಅವಧಿ ಕೈತಪ್ಪಿ, ಮತ್ತೆ 1983, 1985, 1989. ಒಟ್ಟು ಏಳು ಬಾರಿ. ಆಗ ಇದಿನ್ನೂ ಮೈಸೂರು ಜಿಲ್ಲೆಯ ಒಂದು ಮೂಲೆ; ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಹೆಣ್ಣುಮಗಳೊಬ್ಬಳು ಪಂಚಾಯಿತಿಯ ಜಗಲಿಯ ಮೇಲೆ ಕುಳಿತುಕೊಳ್ಳುವುದೇ ಅಪರೂಪವಾಗಿದ್ದ ಕಾಲದಲ್ಲಿ, ಯಾವ ಮೀಸಲಾತಿಯ ಆಸರೆಯೂ ಇಲ್ಲದೆ, ಮಳೆನೆರಳಿನ ಈ ಒಣಸೀಮೆಯ ಮತದಾರರು ಒಬ್ಬ ಮಹಿಳೆಯನ್ನು ಮತ್ತೆ ಮತ್ತೆ ಬೆಂಗಳೂರಿಗೆ ಕಳುಹಿಸಿದರು. 1972ರ ಮಾರ್ಚ್‌ನಿಂದ 1978ರ ಮಾರ್ಚ್‌ವರೆಗೆ ಅವರು ವಿಧಾನಸಭೆಯ ಅಧ್ಯಕ್ಷರಾಗಿದ್ದರು. 1980ರ ದಶಕದಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು. 1993ರಲ್ಲಿ ತೀರಿಕೊಂಡರು. ಅವರ ಹಿಂದೆಯಾಗಲಿ ಮುಂದೆಯಾಗಲಿ ಕರ್ನಾಟಕ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿ ಬೇರೊಬ್ಬ ಮಹಿಳೆ ಕುಳಿತಿಲ್ಲ. ಅರ್ಧ ಶತಮಾನ ಕಳೆದರೂ ಎರಡನೆಯ ಹೆಸರು ಸೇರಿಲ್ಲವೆಂಬುದು ಗುಂಡ್ಲುಪೇಟೆಗೆ ಹೆಮ್ಮೆಯಾಗಬಹುದು, ನಾಡಿಗೆ ಹೆಮ್ಮೆಯಲ್ಲ. ಈ ಕ್ಷೇತ್ರದ ಜನ ಮತ್ತೆ ಮಹಿಳೆಯೊಬ್ಬರನ್ನು ಆರಿಸಿದ್ದು 2017ರ ಉಪಚುನಾವಣೆಯಲ್ಲಿ. ಪತಿಯ ನಿಧನದಿಂದ ತೆರವಾದ ಸ್ಥಾನಕ್ಕೆ ಬಂದ ಮೋಹನಕುಮಾರಿಯವರು ಸಚಿವೆಯೂ ಆದರು.

ನಾಗರತ್ನಮ್ಮನವರು ಆ ಪೀಠದಲ್ಲಿದ್ದ ಆರು ವರ್ಷಗಳು ಸಾಧಾರಣ ವರ್ಷಗಳಲ್ಲ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿಡುವ ನಿರ್ಣಯವನ್ನು ಸದನ ಒಪ್ಪಿದ್ದು 1972ರ ಜುಲೈನಲ್ಲಿ. ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ. ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಚರ್ಚೆಯಾಗಿ ಅಂಗೀಕಾರವಾದದ್ದೂ ಇದೇ ಅವಧಿಯಲ್ಲಿ; ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯನೆಂಬ ಮಾತು ಊರೂರಿಗೂ ಮುಟ್ಟಿತು. ಫಾರಂ ನಂಬರ್ 7 ಅನ್ನು ತುಂಬಿಸಿಕೊಳ್ಳಲು ಗೇಣಿದಾರರು ತಾಲ್ಲೂಕು ಕಚೇರಿಯ ಮುಂದೆ ಸಾಲುಗಟ್ಟಿ ನಿಂತರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಮಾತಿನಲ್ಲೇ ಒಂದು ತೊಡಕಿತ್ತು: ಉಳುವ'ವನು'. ನೇಗಿಲ ಮೇಣಿ ಹಿಡಿಯುವವನು ಗಂಡಸು, ಸರಿ. ಆದರೆ ರಾಗಿ ಬೆಳೆಗೆ ನೇಗಿಲು ಹೂಡುವುದು ಎಷ್ಟು ದಿನ? ನಾಟಿ, ಕಳೆ, ಕೊಯ್ಲು, ಒಕ್ಕಣೆ, ತೂರುವುದು, ಬೀಜ ಕಟ್ಟಿಡುವುದು ಎಷ್ಟು ದಿನ? ಲೆಕ್ಕ ಹಾಕಿದರೆ ಹೊಲದಲ್ಲಿ ಹೆಚ್ಚು ದಿನ ಬಗ್ಗಿದ ಬೆನ್ನು ಯಾರದೆಂದು ಮನೆಯ ಮಕ್ಕಳಿಗೂ ಗೊತ್ತು. ಗೇಣಿ ಹೋಗಿ ಒಡೆತನ ಬಂದಾಗ ಅದು ಬಹುಮಟ್ಟಿಗೆ ಮನೆಯ ಯಜಮಾನನ ಹೆಸರಿಗೇ ಬಂದಿತು. ಸದನವನ್ನು ನಡೆಸುತ್ತಿದ್ದವರು ಮಹಿಳೆ. ಹಕ್ಕುಪತ್ರ ಪಡೆದವರು ಗಂಡಸರು. ಇದು ಅವರೊಬ್ಬರ ಮೇಲೆ ಹೊರಿಸುವ ದೋಷವಲ್ಲ. ಒಬ್ಬಳು ಎತ್ತರಕ್ಕೆ ಏರಿದ ಮಾತ್ರಕ್ಕೆ ಕೆಳಗಿನವರ ಹೆಸರು ತಾನಾಗಿ ಕಾಗದಕ್ಕೆ ಇಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಸಿಗಲಾರದು.

ಹೆಸರಿನಿಂದ ಏನಾಗುತ್ತದೆ, ಹೊಲ ಮನೆಯದೇ ತಾನೇ ಎಂದು ಕೇಳುವವರಿದ್ದಾರೆ. ಕಾಡಂಚಿನ ಊರಿನವರಿಗೆ ಉತ್ತರ ತಿಳಿದೇ ಇದೆ. ರಾತ್ರಿ ಆನೆ ನುಗ್ಗಿ ಜೋಳವನ್ನೋ ಬಾಳೆಯನ್ನೋ ನೆಲಸಮ ಮಾಡಿದರೆ ಪರಿಹಾರದ ಅರ್ಜಿಯೊಂದಿಗೆ ಪಹಣಿ ಇಡಬೇಕು. ಸೊಸೈಟಿಯಲ್ಲಿ ಬೆಳೆ ಸಾಲಕ್ಕೆ ಪಹಣಿ ಬೇಕು. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಹಣಕ್ಕೂ ಭೂದಾಖಲೆಯೇ ಆಧಾರ. ಗಂಡ ತೀರಿಕೊಂಡು ಖಾತೆ ಬದಲಾಗದೆ ಉಳಿದ ಮನೆಯಲ್ಲಿ, ಅಥವಾ ಗಂಡ ಕೂಲಿಗೆಂದು ಕೇರಳಕ್ಕೋ ತಿರುಪ್ಪೂರಿಗೋ ಹೋದ ಮನೆಯಲ್ಲಿ, ಬೇಸಾಯ ಮಾಡುವವಳು ಹೆಂಗಸು. ಸರಕಾರದ ಲೆಕ್ಕದಲ್ಲಿ ಅವಳು ರೈತಳಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನವು ನೂರಕ್ಕೆ ಸುಮಾರು 14 ಮಾತ್ರ. ಆನೆಗೆ ಪಹಣಿ ಗೊತ್ತಿಲ್ಲ; ಅದು ಯಾರ ಹೊಲವನ್ನಾದರೂ ತುಳಿಯುತ್ತದೆ. ಪರಿಹಾರಕ್ಕೆ ಮಾತ್ರ ಹೆಸರು ಬೇಕು.

ಡಾ. ಎಂ. ಎಸ್. ಸ್ವಾಮಿನಾಥನ್ ಅವರು ರಾಜ್ಯಸಭಾ ಸದಸ್ಯರಾಗಿದ್ದಾಗ, 2012ರಲ್ಲಿ, ಮಹಿಳಾ ರೈತರ ಹಕ್ಕುಗಳ ಕುರಿತು ಒಂದು ಖಾಸಗಿ ಮಸೂದೆಯನ್ನು ಮಂಡಿಸಿದರು. ಭೂಮಿಯ ಒಡೆತನ ಇರಲಿ ಬಿಡಲಿ, ಬೇಸಾಯ ಮಾಡುವ ಮಹಿಳೆಗೆ ಗ್ರಾಮಸಭೆಯ ಒಪ್ಪಿಗೆಯ ಮೇಲೆ ಪಂಚಾಯಿತಿಯೇ ರೈತಮಹಿಳೆಯೆಂಬ ಪ್ರಮಾಣಪತ್ರ ಕೊಡಬೇಕೆಂಬುದು ಅದರ ತಿರುಳು. 2013ರಲ್ಲಿ ಅವರ ಸದಸ್ಯತ್ವದ ಅವಧಿಯೊಡನೆ ಮಸೂದೆಯೂ ಮುಗಿದುಹೋಯಿತು. ಸರಳವಾದ, ಖರ್ಚಿಲ್ಲದ, ಊರಿನಲ್ಲೇ ಆಗಬಹುದಾಗಿದ್ದ ಕೆಲಸ ಅದು.

ಕಾನೂನು ಪೂರ್ತಿ ಕೈಬಿಟ್ಟಿದೆಯೆಂದು ಹೇಳಲಾಗದು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ಆಗ ತಂದೆ ಬದುಕಿದ್ದರೇ ಇಲ್ಲವೇ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಮಗಳ ಪರವಾಗಿ ಬಗೆಹರಿಸಿತು. ಇಷ್ಟಿದ್ದೂ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅಣ್ಣತಮ್ಮಂದಿರಿಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟು ಬರುವ ಹೆಣ್ಣುಮಕ್ಕಳೇ ಹೆಚ್ಚು. ಗೌರಿಹಬ್ಬದ ಬಾಗಿನ ಪಾಲಿಗೆ ಬದಲಾಗಲಾರದು, ಆದರೂ ಆಗುತ್ತಿದೆ.

ಇನ್ನು ಬೆಟ್ಟದ ಕಡೆಗೆ ಬರೋಣ. ಬಯಲಿನ ಗೇಣಿದಾರನಿಗೆ ಭೂಮಿ ಬಂದ ಅದೇ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮವೆಂದು ಘೋಷಣೆಯಾಯಿತು. ಸೋಲಿಗರ ಪೋಡುಗಳು ಜಾಗ ಬಿಡಬೇಕಾಯಿತು, ಕಾಡು ಸವರಿ ರಾಗಿ ಬಿತ್ತುವ ಹಳೆಯ ಬೇಸಾಯ ನಿಂತಿತು. 2006ರ ಹೊತ್ತಿಗೆ ನೆಲ್ಲಿ, ಜೇನು, ಪಾಸಿ ಸಂಗ್ರಹಕ್ಕೂ ತಡೆ ಬಿದ್ದಿತು. ಒಂದೇ ವರ್ಷ ಒಂದೇ ಸೀಮೆಯಲ್ಲಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಂದ ಕಿತ್ತುಕೊಂಡ ಕಥೆ ಇದು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯಹಕ್ಕು ಕಾಯಿದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಈ ಕಾಯಿದೆಯಲ್ಲಿ ಒಂದು ಸಾಲಿದೆ. ಅದನ್ನು ಬಯಲಿನವರೂ ಓದಬೇಕು. ವೈಯಕ್ತಿಕ ಹಕ್ಕುಪತ್ರ ವಿವಾಹಿತರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ಇರಬೇಕು. ಒಂಟಿ ಮಹಿಳೆ ಮನೆಯ ಯಜಮಾನಿಯಾಗಿದ್ದರೆ ಅವಳೊಬ್ಬಳ ಹೆಸರಿಗೆ. ಆಕೆ ಅರ್ಜಿ ಹಾಕಿ ಬೇಡಬೇಕಾಗಿಲ್ಲ, ಕಾಗದವೇ ಹಾಗೆ ಹುಟ್ಟಬೇಕು. ಬಯಲಿನ ಭೂಸುಧಾರಣೆಗೆ ಹೊಳೆಯದ ಮಾತು ಮೂವತ್ತೆರಡು ವರ್ಷಗಳ ಅನಂತರ ಕಾಡಿನವರ ಕಾಯಿದೆಯಲ್ಲಿ ಬಂದಿತು.

ಬೀಜದ ಮಾತು ಹೇಳದಿದ್ದರೆ ಈ ಉಪನ್ಯಾಸ ಅರ್ಧವಾದೀತು. ಸೋಲಿಗರ ಹೊಲದಲ್ಲಿ ರಾಗಿಯೊಡನೆ ಅವರೆ, ಸಾಸಿವೆ, ದಂಟು ಒಟ್ಟಿಗೆ ಬೆಳೆಯುತ್ತವೆ. ಸುಗ್ಗಿಯಾದ ಮೇಲೆ ರೊಟ್ಟಿಹಬ್ಬ. ಮುಂದಿನ ವರ್ಷದ ಬೀಜವನ್ನು ಕಣದ ರಾಶಿಯಿಂದ ಎತ್ತುವುದು ಜಾಣತನವಲ್ಲ. ಪೈರು ನಿಂತಿರುವಾಗಲೇ ಹೊಲದಲ್ಲಿ ನಡೆದು, ರೋಗವಿಲ್ಲದ ತುಂಬು ತೆನೆಯನ್ನು ಗುರುತಿಸಿ ಬೇರೆ ಕೊಯ್ಯಬೇಕು. ಅಜ್ಜಿಯಂದಿರು ಮಾಡುತ್ತಿದ್ದ ಈ ಕೆಲಸಕ್ಕೆ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ 'ಆಯ್ಕೆ ತಳಿ ಸುಧಾರಣೆ' ಎಂಬ ಹೆಸರಿದೆ, ಪಠ್ಯಪುಸ್ತಕವಿದೆ, ಪದವಿಯಿದೆ. ಕಾಳಿಗೆ ಬೂದಿ ಬೆರೆಸುವುದು ಮೂಢನಂಬಿಕೆಯಲ್ಲ. ನುಣ್ಣನೆಯ ಬೂದಿ ಕಾಳಿನ ಸಂದುಗಳನ್ನು ತುಂಬಿ ಹುಳು ಓಡಾಡದಂತೆ ಮಾಡುತ್ತದೆ, ಅದರ ಮೈಮೇಲಿನ ಮೇಣದ ಪೊರೆಯನ್ನು ಗೀರಿ ಒಣಗಿಸುತ್ತದೆ. ಅವರೆ, ತೊಗರಿ, ಅಲಸಂದೆಗೆ ಹರಳೆಣ್ಣೆ ಸವರಿದರೆ ಕಾಳಿನ ಮೇಲೆ ಹುಳು ಇಟ್ಟ ಮೊಟ್ಟೆಗೆ ಗಾಳಿ ಸಿಗದೆ ಸಾಯುತ್ತದೆ. ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು: ಎರಡು ಡಬ್ಬಿ ಅಲಸಂದೆ, ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಇಲ್ಲ, ಮೂರು ತಿಂಗಳು ಬಿಟ್ಟು ತೂತುಬಿದ್ದ ಕಾಳುಗಳನ್ನು ಎಣಿಸಲಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೀಜವನ್ನು ಕೂಡಿಡುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಬ್ರಾಂಡಿನ ಹೆಸರು ಹಾಕಿ ಮಾರಬಾರದು, ಅಷ್ಟೇ. ಬೀಜದ ಗಡಿಗೆ ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇರುವವರೆಗೆ ಅದರ ಯಜಮಾನಿಕೆ ಹೆಂಗಸಿನದಾಗಿತ್ತು. ಅಂಗಡಿಯ ಪೊಟ್ಟಣ ಬಂದ ಮೇಲೆ, ಯಾವುದನ್ನು ಬಿತ್ತಬೇಕೆಂಬ ತೀರ್ಮಾನ ಪೇಟೆಗೆ ಹೋಗುವ ಗಂಡಸಿನ ಕೈಗೆ, ಅಲ್ಲಿಂದ ಅಂಗಡಿಯವನ ಕೈಗೆ ಜಾರಿತು. ಬಣ್ಣ ತೆಗೆಯುವ ಕಾರ್ಖಾನೆಗೆ ಬೆಳೆಯುವ ಚೆಂಡುಹೂವಿನಲ್ಲಂತೂ ಕೊಯ್ಯುವ ಬೆರಳಷ್ಟೇ ಹೆಂಗಸಿನದು.

ಚಾಮರಾಜನಗರದ ಹೊಂಡರಬಾಳಿನಲ್ಲಿರುವ ಅಮೃತಭೂಮಿಯನ್ನು ಇಲ್ಲಿ ನೆನೆಯಬೇಕು. ರೈತಸಂಘದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಕನಸಾಗಿ ಹುಟ್ಟಿದ ಆ ಕೇಂದ್ರ, 2004ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಮಗಳು ಚುಕ್ಕಿ ನಂಜುಂಡಸ್ವಾಮಿಯವರ ಮುಂದಾಳ್ತನದಲ್ಲಿ ನೈಸರ್ಗಿಕ ಕೃಷಿಯ ಮತ್ತು ದೇಸಿ ಬೀಜದ ಪಾಠಶಾಲೆಯಾಗಿ ಬೆಳೆಯಿತು. ಹಸಿರು ಶಾಲು ಗಂಡಸರ ಹೆಗಲಿಗೆ ಮಾತ್ರವೆಂದು ಭಾವಿಸಿದ್ದ ರೈತ ಚಳವಳಿಯಲ್ಲಿ ಮಹಿಳೆಯೊಬ್ಬರು ವೇದಿಕೆಯ ನಡುವೆ ನಿಂತದ್ದು ಸಣ್ಣ ಮಾತಲ್ಲ. ಶಾಲು ಹೊದ್ದ ಎಷ್ಟು ಮನೆಗಳಲ್ಲಿ ಪಹಣಿಗೆ ಹೆಂಡತಿಯ ಹೆಸರು ಸೇರಿದೆಯೆಂಬುದನ್ನು ಸಂಘಟನೆಗಳೂ ಒಮ್ಮೆ ಎಣಿಸಿಕೊಳ್ಳುವುದು ಒಳ್ಳೆಯದು.

ಪಂಚಾಯಿತಿಯ ವಿಷಯ ಬೇಗ ಹೇಳಬಹುದು. ಸಂವಿಧಾನ ತಿದ್ದುಪಡಿಗೆ ಮೊದಲೇ, 1987ರ ಚುನಾವಣೆಯಲ್ಲಿ, ಕರ್ನಾಟಕ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತ್ತು. 1993ರಲ್ಲಿ ಅದು ಮೂರನೇ ಒಂದಾಯಿತು, 2010ರಲ್ಲಿ ಅರ್ಧವಾಯಿತು. ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಅಧ್ಯಕ್ಷೆಯ ಯಜಮಾನರಿಗೂ ಒಂದು ಕುರ್ಚಿ ಹಾಕುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆದರೂ ಕುಡಿಯುವ ನೀರಿನ ಕೊಳವೆಬಾವಿ ಎಲ್ಲಿ ಕೊರೆಯಬೇಕೆಂಬ ಚರ್ಚೆಯಲ್ಲಿ, ಕೊಡ ಹೊತ್ತು ದೂರ ಅಳೆದವರ ಮಾತು ಈಗ ಕೇಳಿಬರುತ್ತಿದೆ.

ಕಾಡಂಚಿನ ಗ್ರಾಮಸಭೆಗಳಿಗೆ ಒಂದು ವಿಷಯ ತಿಳಿದಿರಲಿ. ಅರಣ್ಯಹಕ್ಕು ನಿಯಮಗಳಿಗೆ 2012ರಲ್ಲಾದ ತಿದ್ದುಪಡಿಯ ಪ್ರಕಾರ, ಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು. ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕು. ಅರಣ್ಯಹಕ್ಕು ಸಮಿತಿಯಲ್ಲೂ ಅವರು ಮೂರನೇ ಒಂದು ಭಾಗ. ಅವರಿಲ್ಲದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದ ಸಭೆಯ ನಿರ್ಣಯ ಮೇಲಿನ ಸಮಿತಿಯಲ್ಲಿ ನಿಲ್ಲದು. ಮನೆಯಿಂದ ಪುಸ್ತಕವನ್ನು ತರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಹಾಜರಿಯಲ್ಲ. ಸಭೆಯನ್ನು ಹೆಂಗಸರಿಗೆ ಬಿಡುವಿರುವ ಹೊತ್ತಿನಲ್ಲಿ, ಅರಿಶಿನದ ಕೆಲಸ ಮುಗಿದ ಮೇಲೆ, ದನ ಕಟ್ಟುವ ವೇಳೆಗೆ ಮೊದಲು ಕರೆಯಬೇಕು; ಎಣಿಸುವ ಕೆಲಸವನ್ನು ಊರಿನ ವಿದ್ಯಾರ್ಥಿಗಳಿಗೆ ಒಪ್ಪಿಸಿ, ಎಣಿಸಿದ ಸಂಖ್ಯೆಯನ್ನು ನಿರ್ಣಯದ ಮೊದಲ ಸಾಲಿನಲ್ಲೇ ಬರೆಯಿಸಬೇಕು.