ಬಿಸಿಲಿಗೆ ಬಿದ್ದ ಪೈಪಿನ ನೀರು



ಪರ್ತ್ ನಗರದ ದಕ್ಷಿಣದ ಬಡಾವಣೆ ಪಿಯಾರಾ ವಾಟರ್ಸ್‌ನ ಹಿತ್ತಲುಗಳಲ್ಲಿ ಮೆಂತ್ಯ, ಹರಿವೆ, ಬದನೆ ಬೆಳೆಯುವ ಕನ್ನಡ ಕುಟುಂಬಗಳಿಗೆ ಒಂದು ಅಂಜಿಕೆಯಿದ್ದರೆ ಅದು ಸಹಜ: ಹೋಸ್ ಪೈಪಿನ ನೀರಿನಿಂದ ಸೊಪ್ಪು ವಿಷವಾಗುವುದೇ? ಸೊಪ್ಪಿಗಿಂತ ಹೆಚ್ಚಿನ ಅಪಾಯ ಆ ಪೈಪಿಗೆ ಬಾಯಿಟ್ಟು ನೀರು ಕುಡಿಯುವ ಮಗುವಿಗಿದೆ.

ಪಿವಿಸಿ ಪೈಪು ಬಳುಕುವಂತಾಗಲು ಥ್ಯಾಲೇಟ್ ಬೆರೆಸುವುದುಂಟು. ಹಿತ್ತಾಳೆಯ ಮೂತಿಯಲ್ಲಿ ಸೀಸವಿರಬಹುದು. ಹರಿಯುವ ನೀರು ಇವನ್ನು ಅಷ್ಟಾಗಿ ಎಳೆದುಕೊಳ್ಳದು, ಬಿಸಿಲಲ್ಲಿ ನಿಂತ ನೀರು ಎಳೆದುಕೊಳ್ಳುತ್ತದೆ. ಮಣ್ಣು ಸೇರಿದ ಸೀಸ ಬಹುಪಾಲು ಮಣ್ಣಿಗೇ ಅಂಟಿಕೊಳ್ಳುವುದರಿಂದ ಕಾಯಿಗೆ ಏರುವುದು ಅತ್ಯಲ್ಪ. ಆದರೆ ಪರ್ತಿನ ಮರಳು ಏನನ್ನೂ ಹಿಡಿದಿಡದು. ಅದಕ್ಕೆ ಗೊಬ್ಬರ ಬೆರೆಸಿದರೆ ಬೆಳೆಗೂ ಲಾಭ, ಸೀಸಕ್ಕೂ ಕಟ್ಟು. ಗಿಡಕ್ಕೆ ನೇರ ಹಾನಿ ಮಾಡುವುದು ಶಾಖ. ನಲವತ್ತು ಡಿಗ್ರಿಯ ಮಧ್ಯಾಹ್ನ ಪೈಪಿನಿಂದ ಮೊದಲು ಬರುವ ನೀರು ಎಳೆಯ ಎಲೆಯನ್ನು ಸುಡಬಲ್ಲದು.

ನಿಂತ ನೀರು ಮತ್ತು ಹಿತ್ತಾಳೆಯ ನಂಟು ಈ ನಗರಕ್ಕೆ ಹೊಸತಲ್ಲ. 2016ರಲ್ಲಿ ಪರ್ತ್ ಮಕ್ಕಳ ಆಸ್ಪತ್ರೆಯ ನಲ್ಲಿಗಳಲ್ಲಿ ಸೀಸ ಕಂಡುಬಂದು, ಕಟ್ಟಡದ ಬಾಗಿಲು ತೆರೆಯಲು 2018 ಬಂತು. ತನಿಖೆಗಳು ಗುರುತಿಸಿದ ಮೂಲಗಳಲ್ಲಿ ಹಿತ್ತಾಳೆಯ ಬಿಡಿಭಾಗಗಳೂ ಇದ್ದವು. ಅಲ್ಲಿ ಪ್ರಯೋಗಾಲಯವಿತ್ತು, ವಿಚಾರಣೆಯಿತ್ತು. ಹಿತ್ತಲಿನ ಪೈಪನ್ನು ಪರೀಕ್ಷಿಸುವವರು ಯಾರು?

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಅಡಿಲೇಡಿನ ವೈದ್ಯರಾದ ಫೌಲರ್ ಮತ್ತು ಕಾರ್ಟರ್ 1965ರಲ್ಲಿ ಮಿದುಳಿಗೆ ನುಗ್ಗುವ ಅಮೀಬಾ ಸೋಂಕನ್ನು ವರ್ಣಿಸಿದರು. ಮುಂದೆ ಆ ಜೀವಿಗೆ ನೇಗ್ಲೇರಿಯಾ ಫೌಲೆರಿ ಎಂಬ ಹೆಸರಾಯಿತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ನೆಲದ ಮೇಲೆ ಬಹುದೂರ ಸಾಗುವ ಕೊಳವೆಗಳ ನೀರು ಬಿಸಿಲಿಗೆ ಕಾಯುತ್ತಿತ್ತು. ಕುಡಿದರೆ ಈ ಸೋಂಕು ತಗಲದು, ಮೂಗಿನೊಳಗೆ ನೀರು ಹೋದರೆ ಮಾತ್ರ; ತಗಲಿದರೆ ಬದುಕುಳಿಯುವವರು ವಿರಳ. ಕ್ಲೋರಿನ್ ಮತ್ತು ನಿರಂತರ ತಪಾಸಣೆ ಅಲ್ಲಿನ ಸಾವುಗಳನ್ನು ತಡೆದವು. ಸಾರ್ವಜನಿಕ ವ್ಯವಸ್ಥೆಯ ಸಾಧನೆಯೆಂದರೆ ಇದು. ಆ ವ್ಯವಸ್ಥೆ ತಲುಪದ ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ, ಸಂಸ್ಕರಿಸದ ಖಾಸಗಿ ನೀರಿನಿಂದ ಮಕ್ಕಳು ಸತ್ತಿದ್ದಾರೆ. ಮಕ್ಕಳು ನೀರಾಟಕ್ಕಿಳಿಯುವ ಮೊದಲು ಪೈಪಿನಲ್ಲಿ ನಿಂತ ನೀರನ್ನು ಹರಿಯಬಿಡಿ ಎಂದು ಪಶ್ಚಿಮ ಆಸ್ಟ್ರೇಲಿಯಾದ ಆರೋಗ್ಯ ಇಲಾಖೆ ಹೇಳುವುದು ಇದಕ್ಕಾಗಿಯೇ.

ಆದರೆ ಎಚ್ಚರಿಕೆಯ ಹೊಣೆಯನ್ನು ತಾಯ್ತಂದೆಯರಿಗೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ರಾಷ್ಟ್ರೀಯ ನಿರ್ಮಾಣ ಸಂಹಿತೆ ಕುಡಿಯುವ ನೀರಿನ ಹಿತ್ತಾಳೆಗೆ ಸೀಸದ ಮಿತಿಯನ್ನು ಶೇಕಡ 0.25ಕ್ಕೆ ಇಳಿಸಿದೆ, ತೋಟದ ನೀರಾವರಿಗೆಂದೇ ಮಾರುವ ಸಾಮಗ್ರಿ ಅದರ ಹೊರಗುಳಿದಿದೆ. ಕುಡಿಯುವ ನೀರಿಗೆ ಯೋಗ್ಯವಾದ ಪೈಪು ಅಂಗಡಿಯಲ್ಲಿ ಸಿಗುತ್ತದೆ, ಕ್ಯಾರವಾನ್ ಸಾಮಗ್ರಿಯ ಸಾಲಿನಲ್ಲಿ. ಮಗುವಿಗೆ ಈ ಸಾಲುಗಳ ಭೇದ ತಿಳಿಯದು. ನಿಯಮ ಬರೆಯುವವರಿಗೆ ತಿಳಿದಿರಬೇಕಿತ್ತು. ಅಲ್ಲಿಯವರೆಗೆ, ಪೈಪಿನ ಮೊದಲ ನೀರು ಬೇಲಿಯ ಬುಡಕ್ಕೆ, ಕೈಗೆ ತಣ್ಣಗೆ ತಾಕಿದ ಮೇಲೆ ಮೆಂತ್ಯಕ್ಕೆ.