ಗೋಡೆಯ ಬಿರುಕು



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹೇಳಿ ನಮ್ಮ ಹಿರಿಯರು ಸುಮ್ಮನಾದರು. ಕಟ್ಟಿದ ಮನೆಯನ್ನು ರಿಪೇರಿ ಮಾಡಿ ನೋಡು ಎಂದು ಅವರೇಕೆ ಸೇರಿಸಲಿಲ್ಲವೋ ತಿಳಿಯದು. ಪ್ರಾಯಶಃ ಅವರ ಕಾಲದಲ್ಲಿ ರಿಪೇರಿಯೆಂಬುದು ಪ್ರತ್ಯೇಕವಾದೊಂದು ವಿಪತ್ತಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಗೋಡೆಗೆ ಮಣ್ಣು ಮೆತ್ತಿ ಸಾರಿಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು, ಇವುಗಳಲ್ಲಿಯೇ ಅದು ಅಡಗಿಹೋಗಿದ್ದಿತು. ಈಗಿನ ಮನೆಯ ಮಾತು ಬೇರೆ. ಸಿಮೆಂಟೂ ಕಬ್ಬಿಣವೂ ಕೂಡಿದ ಮನೆಯನ್ನು ಒಮ್ಮೆ ಕಟ್ಟಿದರೆ ಮೊಮ್ಮಕ್ಕಳ ಕಾಲದವರೆಗೆ ಚಿಂತೆಯಿಲ್ಲವೆಂಬ ನಂಬಿಕೆಯಿಂದ ಹಾಲುಕ್ಕಿಸಿ ಒಳಹೊಗುತ್ತೇವೆ. ಮೊದಲನೆಯ ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಮೇಲೆ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಆ ಗೆರೆಯನ್ನು ಕುರಿತೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಿದರ್ಶನಕ್ಕೆ ದೇವನಹಳ್ಳಿಯನ್ನು ತೆಗೆದುಕೊಳ್ಳೋಣ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡನು 1501ರಲ್ಲಿ ಅಲ್ಲಿ ಕಟ್ಟಿಸಿದುದು ಮಣ್ಣಿನ ಕೋಟೆ. ಇಂದು ನಾವು ಕಾಣುವ ಕಲ್ಲಿನ ಕೋಟೆ ಹೈದರ್ ಟೀಪೂ ಸುಲ್ತಾನರ ಕಾಲದ್ದು. ಹೊರಮೈಗೆ ನಯಗೊಳಿಸಿದ ಕಲ್ಲಿನ ಹೊದಿಕೆ. ನಡುನಡುವೆ ಅರ್ಧವೃತ್ತಾಕಾರದ ಹನ್ನೆರಡು ಕೊತ್ತಳಗಳು. ಫಿರಂಗಿಯ ಕಂಡಿಗಳು ಮಾತ್ರ ಇಟ್ಟಿಗೆ ಸುಣ್ಣದವು. ರಾಜ್ಯವಾಳಿದವರಿಗೂ ಒಂದೇ ಸಲಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಸಾಧ್ಯವಾಗಲಿಲ್ಲವಷ್ಟೆ. ಆ ಕೋಟೆಯ ಸುತ್ತಲಿನ ಸೀಮೆಯಲ್ಲಿ ಬಹುಕಾಲ ರಾಗಿ, ದ್ರಾಕ್ಷಿ, ಹೆಸರುವಾಸಿಯಾದ ಚಕ್ಕೋತ, ಇವುಗಳದೇ ಮಾತಾಗಿದ್ದಿತು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಹೊಲಗಳು ನಿವೇಶನಗಳಾದುವು. ಪಟ್ಟಣದಲ್ಲಿ ಬಾಡಿಗೆ ತೆತ್ತು ಬೇಸತ್ತವರು ಅಲ್ಲಿ ಸ್ವಂತ ಸೂರನ್ನು ಎಬ್ಬಿಸತೊಡಗಿದರು.

ಹಾಗೆ ಕಟ್ಟಿಸಿದವರಲ್ಲಿ ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮೂವತ್ತಕ್ಕೆ ನಲವತ್ತಡಿಯ ನಿವೇಶನ. ಪಿಂಚಿಣಿಯ ಗಂಟೆಲ್ಲ ಅದರೊಳಗೆ ಕರಗಿದ ಮನೆ. ಗೃಹಪ್ರವೇಶವಾದ ಎಂಟನೆಯ ತಿಂಗಳಿಗೆ ಈಶಾನ್ಯದ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಮೇಸ್ತ್ರಿಗೆ ಹೇಳಿ ಕಳುಹಿಸಿದರು. ಆತನು ಬಂದು, ಗೋಡೆಯನ್ನು ಬೆರಳಿನಿಂದ ತಟ್ಟಿ, "ಹೊಸ ಮನೆ ಅಂದ್ರೆ ಹೊಸ ಜೋಡು ಇದ್ದಂಗೆ ಮೇಷ್ಟ್ರೆ, ನಾಲ್ಕು ದಿವಸ ಕಚ್ಚುತ್ತೆ, ಆಮೇಲೆ ಸರಿಹೋಗುತ್ತೆ" ಎಂದು ಸಿಮೆಂಟು ಮೆತ್ತಿ ಹೋದನು. ಉಪಮೆ ಚೆನ್ನಾಗಿದ್ದಿತು. ಆದರೆ ಬಿರುಕು ಮತ್ತೆ ಬಾಯ್ದೆರೆಯಿತು. ಮತ್ತೆ ಮೆತ್ತಿದರು, ಬಣ್ಣ ಬಳಿದರು. ಮೂರನೆಯ ಬಾರಿ ಗೆರೆಯು ಬಣ್ಣವನ್ನೂ ಸೀಳಿಕೊಂಡು ಕಿಟಕಿಯಿಂದ ನೆಲದ ಕಡೆಗೆ ಇಳಿಯಿತು.

ಬಿರುಕುಗಳೆಲ್ಲ ಒಂದೇ ಜಾತಿಯಲ್ಲ. ಗಾರೆಯ ಮೇಲೆ ಜೇಡರ ಬಲೆಯಂತೆ ಹರಡುವ ಸಣ್ಣ ಗೆರೆಗಳು ಚರ್ಮದ ರೋಗ. ಕಾಂಕ್ರೀಟಿನ ಕಂಬಕ್ಕೂ ಇಟ್ಟಿಗೆಯ ಗೋಡೆಗೂ ನಡುವೆ ನೆಟ್ಟಗೆ ಏಳುವ ಗೆರೆಯು, ಬೇರೆ ಬೇರೆ ಸ್ವಭಾವದ ಇಬ್ಬರನ್ನು ಒಟ್ಟಿಗೆ ಕಟ್ಟಿಹಾಕಿದುದರ ಫಲ. ಗಾರೆಗೆ ಮುಂಚೆ ಆ ಸಂದಿಯ ಮೇಲೆ ತಂತಿಯ ಜಾಲರಿಯನ್ನು ಹೊಡೆದರೆ ಬಹುಮಟ್ಟಿಗೆ ತಪ್ಪುತ್ತದೆ. ತಾರಸಿಯ ಅಡಿಯಲ್ಲಿ ಅಡ್ಡಲಾಗಿ ಓಡುವ ಗೆರೆಯು ಬಿಸಿಲಿನಿಂದ ಮಾಳಿಗೆಯು ಹಿಗ್ಗಿ ಕುಗ್ಗಿದುದರ ಗುರುತು. ಮೂಲೆಯಿಂದ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಓರೆ ಬಿರುಕು ಮಾತ್ರ ಅನೇಕ ವೇಳೆ ಪಾಯದಿಂದ ಬಂದ ಸುದ್ದಿ. ಅದಕ್ಕೆ ಗೋಡೆಯ ಮೇಲೆ ಎಷ್ಟು ಮೆತ್ತಿದರೇನು?

ಗೆರೆ ಇನ್ನೂ ಬೆಳೆಯುತ್ತಿದೆಯೋ, ನಿಂತಿದೆಯೋ ಎಂಬುದನ್ನು ತಿಳಿಯಲು ಹಳೆಯದೊಂದು ಉಪಾಯವುಂಟು. ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು, ಎರಡು ತುದಿಗಳನ್ನೂ ಬಿಗಿಯಾಗಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಬೇಕು. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಮೇಷ್ಟ್ರ ಮನೆಯಲ್ಲಿ ಹಾಕಿದ ಪಟ್ಟಿ ಆಶ್ವಿಜದ ಮಳೆಗೆ ಒಡೆಯಿತು. ಬೇಸಗೆಯಲ್ಲಿ ಹಾಕಿದುದು ಒಡೆಯಲಿಲ್ಲ. ಮಳೆ ಬಂದಾಗ ಮಾತ್ರ ಒಡೆಯುವುದೆಂದರೆ ನೀರಿನ ಕೈವಾಡವಲ್ಲದೆ ಮತ್ತೇನು? ಹೊರಗೆ ಹೋಗಿ ನೋಡಿದರೆ ತಾರಸಿಯ ನೀರೆಲ್ಲ ಒಂದೇ ಕೊಳವೆಯಲ್ಲಿ ಇಳಿದು ಅದೇ ಮೂಲೆಯ ಪಾಯದ ಪಕ್ಕದಲ್ಲಿ ಸುರಿಯುತ್ತಿದೆ. ಆ ಸೀಮೆಯಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ. ಸಾವಿರ ಚದರಡಿಯ ತಾರಸಿಯ ಮೇಲೆ ಅದು ಎಪ್ಪತ್ತು ಸಾವಿರ ಲೀಟರನ್ನು ಮೀರುತ್ತದೆ. ಇಷ್ಟು ನೀರನ್ನು ಕುಡಿದ ಮಣ್ಣು ಗಟ್ಟಿನೆಲವಾಗಿದ್ದರೆ ತಡೆದುಕೊಳ್ಳುತ್ತಿತ್ತೋ ಏನೋ. ಆ ಹೊಲವನ್ನು ಹಿಂದೆ ಉಳುತ್ತಿದ್ದ ಮುದುಕರೊಬ್ಬರು ಒಂದು ದಿನ ಬಂದು ನಿಂತು, "ಇಲ್ಲೇ ಅಲ್ಲವೇ ನಮ್ಮ ಕುಂಟೆ ಇದ್ದದ್ದು, ದನಕ್ಕೆ ನೀರು ಕುಡಿಸ್ತಿದ್ದೆವು" ಎಂದರು. ನಿವೇಶನದ ನಕ್ಷೆಯಲ್ಲಿ ಕುಂಟೆಯ ಸುಳಿವೇ ಇರಲಿಲ್ಲ. ತುಂಬಿದ ಮಣ್ಣಿನ ಮೇಲೆ ಒಂದು ಮೂಲೆ, ಹುಟ್ಟುನೆಲದ ಮೇಲೆ ಮೂರು ಮೂಲೆ.

ರಿಪೇರಿ ಅಲ್ಲಿಂದ ಪ್ರಾರಂಭವಾಯಿತು. ಮೊದಲು ಕೊಳವೆಯನ್ನು ತಿರುಗಿಸಿ, ನೀರನ್ನು ಮನೆಯಿಂದ ದೂರದ ಇಂಗುಗುಂಡಿಗೆ ಬಿಟ್ಟರು. ಬಳಿಕ, ಇಂಜಿನಿಯರೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು, ಆ ಮೂಲೆಯ ಪಾಯದ ಕೆಳಗೆ ಮೂರು ನಾಲ್ಕಡಿಯಷ್ಟು ಉದ್ದವನ್ನು ಮಾತ್ರ ಅಗೆದು, ಗಟ್ಟಿನೆಲ ಸಿಕ್ಕುವವರೆಗೂ ಇಳಿದು, ಕೆಳಗಿನಿಂದ ಕಟ್ಟಿಕೊಂಡು ಬಂದರು. ಅದು ಬಿಗಿದುಕೊಂಡ ಮೇಲೆ, ನಡುವೆ ಒಂದು ತುಂಡನ್ನು ಬಿಟ್ಟು, ಇನ್ನೊಂದು ತುಂಡು. ಆತುರಪಟ್ಟು ಇಡೀ ಪಾಯವನ್ನು ಒಮ್ಮೆಲೇ ಬಗೆದಿದ್ದರೆ ಗೋಡೆ ಕೂತೇ ಬಿಡುತ್ತಿತ್ತು. ಗೋಡೆಯ ಬಿರುಕನ್ನು ಅವರು ಮುಚ್ಚಿದುದು ಎಲ್ಲಕ್ಕಿಂತ ಕಡೆಗೆ, ಮರುವರ್ಷದ ಮಳೆಗೆ ಗಾಜು ಒಡೆಯದೆ ಉಳಿದ ಮೇಲೆ.

ಇನ್ನು ಜೇಡರ ಬಲೆಯ ಬಿರುಕು. ಅವಸರದಲ್ಲಿ ಒಣಗಿದ ಗಾರೆಯಲ್ಲಿ ಅದು ಬರುತ್ತದೆ. ಆದಕಾರಣ ಸಿಮೆಂಟಿನ ಕೆಲಸಕ್ಕೆ ಕಡೆಯ ಪಕ್ಷ ಏಳು ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಹತ್ತು ದಿನಕ್ಕೆ ಕಡಮೆಯಿಲ್ಲದಂತೆ, ನೀರುಣಿಸತಕ್ಕದ್ದು. ಬೆಳಿಗ್ಗೆ ಒಂದು ಬಿಂದಿಗೆ ಎರಚಿ ಫೋಟೋ ತೆಗೆದು ಯಜಮಾನರಿಗೆ ಕಳುಹಿಸುವುದು ನೀರುಣಿಸುವುದಲ್ಲ. ಮತ್ತೊಂದು ಕಾರಣ ಮರಳಿನಲ್ಲಿದೆ. ಗಾಜಿನ ಶೀಸೆಯೊಂದರಲ್ಲಿ ಅರ್ಧದಷ್ಟು ಮರಳು ತುಂಬಿ, ಮುಕ್ಕಾಲು ಮಟ್ಟಕ್ಕೆ ನೀರು ಹೊಯ್ದು, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮರಳು ತಳಕ್ಕೆ ಇಳಿಯುತ್ತದೆ, ಒಂಡು ಅದರ ಮೇಲೆ ನಿಲ್ಲುತ್ತದೆ. ಮರಳು ನೂರು ಪಾಲಿದ್ದು ಒಂಡು ಎಂಟು ಪಾಲನ್ನು ಮೀರಿದರೆ ಆ ಲಾರಿಯನ್ನು ಹಿಂದಕ್ಕೆ ಕಳುಹಿಸಿ.

ಈ ಒಂಡು ಎಲ್ಲಿಂದ ಬಂದಿತು? ಇದನ್ನು ಹೇಳದೆ ಮನೆಯ ಮಾತನ್ನು ಮುಗಿಸಲಾಗದು. ದಕ್ಷಿಣ ಪಿನಾಕಿನಿಯೂ ಅರ್ಕಾವತಿಯೂ ನಂದಿಬೆಟ್ಟದ ಸುತ್ತಿನಲ್ಲಿಯೇ ಹುಟ್ಟತಕ್ಕವಾದರೂ, ವರ್ಷವಿಡೀ ಹರಿಯುವ ನದಿ ಆ ಸೀಮೆಗಿಲ್ಲ, ಕೆರೆಗಳೇ ಆಧಾರ. ಮನೆಗಳು ಹೆಚ್ಚಿದಾಗ ಮರಳಿಗಾಗಿ ಕೆರೆಯಂಗಳವನ್ನೂ ಹೊಲದ ಕೆಂಪು ಮಣ್ಣನ್ನೂ ಅಗೆದು, ನೀರಿನಲ್ಲಿ ತೊಳೆದು, ಜೇಡಿಯನ್ನು ಹರಿಯಬಿಟ್ಟು, ಉಳಿದುದನ್ನು ಫಿಲ್ಟರ್ ಮರಳೆಂಬ ಹೆಸರಿನಲ್ಲಿ ಮಾರತೊಡಗಿದರು. ಸರ್ಕಾರವು ನಿಷೇಧಿಸಿದರೂ ರಾತ್ರಿಯ ಲಾರಿಗಳು ಓಡಿದುವು. ಮೊದಲು ರೈತರು ಬೇಸಗೆಯಲ್ಲಿ ಕೆರೆಯ ಗೋಡನ್ನು ಎತ್ತಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಯೂ ಆಳವಾಗುತ್ತಿತ್ತು, ಹೊಲಕ್ಕೂ ಸಾರ ಬರುತ್ತಿತ್ತು. ತೊಳೆಯುವವರಾದರೋ ಕೊಳವೆಬಾವಿಯ ನೀರನ್ನೇ ಅದಕ್ಕೆ ಸುರಿದರು. ಬೆಳೆ ಬೆಳೆಯುತ್ತಿದ್ದ ಮೇಲ್ಮಣ್ಣು ಗುಂಡಿಯಾಯಿತು. ಅದೇ ಮರಳಿನಲ್ಲಿ ಉಳಿದ ಜೇಡಿಯು ನಮ್ಮ ಗೋಡೆಯಲ್ಲಿ ಬಲೆ ನೇಯಿತು. ಬಂಡೆಯನ್ನು ಪುಡಿಮಾಡಿದ ಎಂ ಸ್ಯಾಂಡ್ ಈಗ ಬಳಕೆಗೆ ಬಂದಿದೆ. ಅದಕ್ಕೂ ಬೆಟ್ಟ ಕರಗುತ್ತದೆಂಬುದು ನಿಜವೇ. ಆದರೂ ಕೆರೆಯಂಗಳಕ್ಕಿಂತ ಅದು ಮೇಲೆಂದು ನನ್ನ ಅಭಿಪ್ರಾಯ.

ಹಳೆಯ ಸುಣ್ಣದ ಮನೆಯುಳ್ಳವರಿಗೆ ಒಂದು ಮಾತು. ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುತ್ತಿದ್ದ ಆ ಗಾರೆ ಮೆತುವಾದುದು. ಸಣ್ಣ ಬಿರುಕುಗಳನ್ನು ಸುಣ್ಣವು ಕರಗಿ ಮತ್ತೆ ಕೂತು ತಾನೇ ಮುಚ್ಚಿಕೊಳ್ಳುವುದುಂಟು. ಅದರ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಸುಣ್ಣಕ್ಕೆ ಸುಣ್ಣವೇ ಮದ್ದು.

ಹೊಸದಾಗಿ ಕಟ್ಟಿಸುವವರು ನಿವೇಶನದ ಪತ್ರದ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ತರಿಸಿ ನೋಡಲಿ. ನೆರೆಯ ಮುದುಕರನ್ನು ಪಾಯ ತೆಗೆಯುವ ಮುಂಚೆಯೇ ಕೇಳಲಿ. ಕೊನೆಯ ಕಂತಿನ ಹಣವನ್ನು ಗೃಹಪ್ರವೇಶದ ದಿನ ಕೊಡದೆ ಒಂದು ಮಳೆಗಾಲ ಕಳೆದ ಮೇಲೆ ಕೊಡುವುದಾಗಿ ಕರಾರಿನಲ್ಲಿಯೇ ಬರೆಸಿಕೊಳ್ಳಲಿ. ಮೇಷ್ಟ್ರು ತಮ್ಮ ಮಗಳ ಮನೆಗೆ ಹಾಗೆಯೇ ಬರೆಸಿದ್ದಾರೆ. ಮೇಸ್ತ್ರಿಯು ಮೊದಲು ಗೊಣಗಿದನಂತೆ. ಆಮೇಲೆ ತಾನೇ ಒಂದು ಶೀಸೆಯನ್ನು ತಂದು ಮರಳಿನ ರಾಶಿಯ ಪಕ್ಕದಲ್ಲಿಟ್ಟನಂತೆ.