‘ಶುದ್ಧ’ ಎಂಬ ಪದ ಕಲಿಸಿದ ಪಾಠ



ಈ ಶತಮಾನೋತ್ಸವದ ಶುಭಸಂದರ್ಭದಲ್ಲಿ, ರಸಾಯನಶಾಸ್ತ್ರದ ತರಗತಿಯಲ್ಲಿ ನಮ್ಮಿಂದಾದ ಒಂದು ತಪ್ಪನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬಯಸುತ್ತೇವೆ.

ಶುದ್ಧ ಪದಾರ್ಥಕ್ಕೆ ಉದಾಹರಣೆ ಕೇಳಿದಾಗ ಬಾಲಕಿಯೊಬ್ಬಳು ‘ಹಾಲು’ ಎಂದು ಬರೆದಿದ್ದಳು. ನಾವು ಅದನ್ನು ಕೆಂಪು ಶಾಯಿಯಿಂದ ಹೊಡೆದು, ‘ಅಶುದ್ಧ’ ಎಂದು ಬರೆದೆವು. ಆಕೆಯ ಮನೆಯವರು ಹಾಲಿನ ಸೊಸೈಟಿಗೆ ಹಾಲು ಕೊಡುವವರು. “ನಮ್ಮ ಅಮ್ಮ ಒಂದು ತೊಟ್ಟು ನೀರನ್ನೂ ಬೆರೆಸುವುದಿಲ್ಲ, ಟೀಚರ್” ಎಂದಳು. ಕಣ್ಣು ತುಂಬಿತ್ತು.

ಆಕೆಯ ಮಾತು ಸತ್ಯವಾಗಿತ್ತು. ಮನೆಯಲ್ಲಿ ಶುದ್ಧವೆಂದರೆ ಕಲಬೆರಕೆಯಿಲ್ಲದ್ದು. ರಸಾಯನಶಾಸ್ತ್ರದಲ್ಲಿ ಶುದ್ಧವೆಂದರೆ ಒಂದೇ ಧಾತು ಅಥವಾ ಒಂದೇ ಸಂಯುಕ್ತದಿಂದಾದುದು. ಹಸು ಕೊಟ್ಟ ಹಾಲಿನಲ್ಲಿಯೇ ನೀರು, ಕೊಬ್ಬು, ಪ್ರೋಟೀನು, ಲ್ಯಾಕ್ಟೋಸ್ ಸಕ್ಕರೆ, ಲವಣಗಳು ಸೇರಿವೆ. ಆದುದರಿಂದ ಅದು ಮಿಶ್ರಣ. ಸೊಸೈಟಿಯ ಲ್ಯಾಕ್ಟೋಮೀಟರು ಹಾಲಿನ ಸಾಂದ್ರತೆಯನ್ನು ಅಳೆದು ನೀರು ಬೆರೆತಿದೆಯೇ ಎಂಬುದರ ಸುಳಿವು ಕೊಡುತ್ತದೆಯೇ ಹೊರತು ಈ ಭೇದವನ್ನು ಹೇಳಲಾರದು.

ಮರುದಿನ ಎರಡು ಬೀಕರುಗಳನ್ನಿರಿಸಿದೆವು. ಒಂದರಲ್ಲಿ ಬಟ್ಟಿ ಇಳಿಸಿದ ನೀರು, ಇನ್ನೊಂದರಲ್ಲಿ ಉಪ್ಪುನೀರು. ಕಣ್ಣಿಗೆ ಎರಡೂ ತಿಳಿ. ಪ್ರಯೋಗಾಲಯದಲ್ಲಿ ರುಚಿ ನೋಡುವಂತಿಲ್ಲ. ಕಾಯಿಸಿದಾಗ ಮೊದಲನೆಯದು ಕಡಲತೀರದ ನಮ್ಮೂರಿನಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಿತು. ಕುದಿಯುತ್ತಿರುವಷ್ಟು ಹೊತ್ತೂ ಪಾದರಸ ಅಲ್ಲಿಯೇ ನಿಂತಿತು. ಉಪ್ಪುನೀರು ಅದಕ್ಕಿಂತ ಮೇಲೆ ಕುದಿದು, ನೀರು ಆವಿಯಾದಂತೆ ಉಷ್ಣತೆ ಇನ್ನಷ್ಟು ಏರಿತು. ಕೊನೆಗೆ ತಳದಲ್ಲಿ ಬಿಳಿಯ ಉಪ್ಪು ಉಳಿಯಿತು.

ಪ್ರಯೋಗ ಮುಗಿದ ಮೇಲೆ ಆ ಬಾಲಕಿ ಬರೆದಳು: “ನಮ್ಮ ಹಾಲು ಕಲಬೆರಕೆಯಲ್ಲ; ಆದರೆ ಮಿಶ್ರಣ.” ಪಠ್ಯಪುಸ್ತಕದ ವ್ಯಾಖ್ಯೆಗಿಂತ ಅದು ನಮಗೆ ಹೆಚ್ಚು ಸ್ಪಷ್ಟವಾಗಿ ತೋರಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಇಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುತ್ತ ಬಂದಿದ್ದೇವೆ. ‘ಕನ್ನಡದಲ್ಲಿ ವಿಜ್ಞಾನ ಕಲಿತರೆ ಮಕ್ಕಳು ಹಿಂದೆ ಬೀಳುವುದಿಲ್ಲವೇ?’ ಎಂದು ಪೋಷಕರು ಕೇಳುವುದುಂಟು. ಆ ಪದ ಪರಿಚಯವಿಲ್ಲದ ಭಾಷೆಯದಾಗಿದ್ದರೆ ಆಕೆ ಅದನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತಿದ್ದಳು, ನಮ್ಮನ್ನು ಪ್ರಶ್ನಿಸುತ್ತಿರಲಿಲ್ಲ. ಮನೆಮಾತಿನ ಪದ ಮನೆಯ ಅರ್ಥವನ್ನೂ ಹೊತ್ತು ತರಗತಿಗೆ ಬರುತ್ತದೆ. ಆ ಅರ್ಥಕ್ಕೆ ಗೌರವವಿತ್ತು, ಅಲ್ಲಿಂದಲೇ ಪಾಠ ಆರಂಭಿಸುವುದು ಶಿಕ್ಷಕರ ಹೊಣೆ.

ಅಂದಿನಿಂದ ಉತ್ತರವನ್ನು ಹೊಡೆದುಹಾಕುವ ಮೊದಲು ನಾವು ಮಗುವಿನಲ್ಲಿ ಕಾರಣ ಕೇಳುತ್ತೇವೆ.